ಯಾರ ಪಾಲಿಗೆ ಎಷ್ಟು ರಾತ್ರಿ?

ಒಬ್ಬ ಸಿರಿವಂತನ ಸ್ಮಾರಕದ ಹಂಬಲದಿಂದ ಹುಟ್ಟಿದ ಲಿಕ್ ವೀಕ್ಷಣಾಲಯ 1888ರಿಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುಪರ್ದಿಯಲ್ಲಿದೆ. ಅದರ ಕನ್ನಡಿಗಳಿಗೆ ವಯಸ್ಸಾಯಿತು, ಕೆಳಗಿನ ಊರು ಬೆಳಕಿನಲ್ಲಿ ಮುಳುಗಿತು, ಅನುದಾನ ನಿಲ್ಲಿಸುವ ಮಾತೂ ಬಂತು. ಆದರೂ ಸಂಜೆಯಾದರೆ ಗುಮ್ಮಟಗಳು ತೆರೆದುಕೊಳ್ಳುತ್ತವೆ.

ಸ್ಯಾನ್ ಹೋಸೆ, ಫ್ರೀಮಾಂಟ್, ಸನಿವೇಲ್ ಕಡೆ ನೆಲೆಸಿರುವ ಕನ್ನಡಿಗರಿಗೆ ಪೂರ್ವದ ಬೆಟ್ಟಸಾಲಿನ ನೆತ್ತಿಯ ಮೇಲೆ ಕಾಣುವ ಬಿಳಿ ಗುಮ್ಮಟಗಳು ಹೊಸತಲ್ಲ. ಮಳೆ ನಿಂತು ಗಾಳಿ ತಿಳಿಯಾದ ದಿನ ಅವು ಕಣಿವೆಯ ಎಷ್ಟೋ ರಸ್ತೆಗಳಿಂದ ಎದ್ದು ಕಾಣುತ್ತವೆ. ಲಿಕ್ ವೀಕ್ಷಣಾಲಯವಿರುವ ಆ ಬೆಟ್ಟ ಮೌಂಟ್ ಹ್ಯಾಮಿಲ್ಟನ್. ಎತ್ತರ ಸುಮಾರು 1,280 ಮೀಟರ್, ನಮ್ಮ ನಂದಿಬೆಟ್ಟಕ್ಕಿಂತ ಹೆಚ್ಚಿಲ್ಲ. ಊರಿನಿಂದ ಬಂದ ಅಪ್ಪ–ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟವರು ಅರ್ಧ ದಾರಿಯಲ್ಲೇ ಹೊಟ್ಟೆ ತೊಳಸುತ್ತಿದೆ ಎಂಬ ಮಾತು ಕೇಳಬೇಕಾಗುತ್ತದೆ, ಅಷ್ಟು ತಿರುವುಗಳು. ವರ್ಷದ ದಿನಗಳಷ್ಟೇ, 365 ತಿರುವು ಎಂದು ಅಲ್ಲಿಯ ಜನ ಹೇಳಿಕೊಳ್ಳುತ್ತಾರೆ.

ಅಷ್ಟು ತಿರುವಿಗೆ ಕಾರಣ ಕುದುರೆ, ಹೇಸರಗತ್ತೆಗಳು. 1876ರಲ್ಲಿ ಸ್ಯಾಂಟಾ ಕ್ಲಾರಾ ಕೌಂಟಿ ಈ ರಸ್ತೆ ಕಡಿಸಿದಾಗ ಕಬ್ಬಿಣ, ಇಟ್ಟಿಗೆ, ಮಸೂರ ಎಲ್ಲವೂ ಗಾಡಿಯ ಮೇಲೆಯೇ ಏರಬೇಕಿತ್ತು. ಭಾರ ಎಳೆಯುವ ಪ್ರಾಣಿಗಳಿಗೆ ಏದುಸಿರು ಬಾರದಂತೆ ಏರು ನೂರಕ್ಕೆ ಆರೂವರೆ ಅಡಿಯನ್ನು ಮೀರಬಾರದೆಂದು ಕಟ್ಟಳೆ ಮಾಡಿದರು. ಹಾಗಾಗಿ ರಸ್ತೆ ಬೆಟ್ಟವನ್ನು ನೇರವಾಗಿ ಹತ್ತದೆ ಸುತ್ತಿ ಸುತ್ತಿ ಹತ್ತಿತು. ಆ ಕಾಲಕ್ಕೆ ವೀಕ್ಷಣಾಲಯಗಳೆಂದರೆ ಊರೊಳಗೆ, ಅರಮನೆ ಅಥವಾ ಕಾಲೇಜಿನ ಪಕ್ಕದಲ್ಲಿ ಇರುತ್ತಿದ್ದವು. ವರ್ಷಪೂರ್ತಿ ಜನ ವಾಸವಿದ್ದು ಕೆಲಸ ಮಾಡಲೆಂದು ಬೆಟ್ಟದ ತುದಿಯಲ್ಲಿ ಕಟ್ಟಿದ ಮೊದಲ ವೀಕ್ಷಣಾಲಯ ಇದೇ.

ಪಿರಮಿಡ್ ಬದಲು ಟೆಲಿಸ್ಕೋಪು

ಜೇಮ್ಸ್ ಲಿಕ್ ಹುಟ್ಟಿದ್ದು 1796ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ಮರಗೆಲಸ ಕಲಿತು ಪಿಯಾನೊ ಮಾಡುವುದರಲ್ಲಿ ಕೈ ಪಳಗಿಸಿಕೊಂಡ. ಬ್ಯೂನಸ್ ಐರಿಸ್, ವಾಲ್ಪರೈಸೊ, ಲಿಮಾ ಎಂದು ದಕ್ಷಿಣ ಅಮೆರಿಕದ ಊರುಗಳಲ್ಲಿ ಪಿಯಾನೊ ಮಾರಿ ದುಡ್ಡು ಕೂಡಿಸಿದ. 1848ರ ಜನವರಿಯಲ್ಲಿ ಸ್ಯಾನ್‌ ಫ್ರಾನ್ಸಿಸ್ಕೊಗೆ ಬಂದಿಳಿದಾಗ ಅವನ ಬಳಿ ಚಿನ್ನದ ನಾಣ್ಯಗಳ ಪೆಟ್ಟಿಗೆ ಇತ್ತು. ಪೆರುವಿನಲ್ಲಿ ನೆರೆಯವನಾಗಿದ್ದ ಗಿರಾರ್ಡೆಲ್ಲಿ ಎಂಬ ಮಿಠಾಯಿಗಾರನ ಚಾಕೊಲೇಟೂ ಜೊತೆಗಿತ್ತು. ಅವನು ಬಂದ ಕೆಲವೇ ದಿನಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಂಗಾರ ಸಿಕ್ಕಿತು. ಊರಿಗೆ ಊರೇ ಗುದ್ದಲಿ ಹಿಡಿದು ಓಡಿತು. ಅವರು ಬಿಟ್ಟುಹೋಗುತ್ತಿದ್ದ ನಿವೇಶನಗಳನ್ನು ಲಿಕ್ ಕಡಿಮೆ ಬೆಲೆಗೆ ಕೊಳ್ಳುತ್ತ ಹೋದ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಆ ರಾಜ್ಯದ ಅತ್ಯಂತ ದೊಡ್ಡ ಶ್ರೀಮಂತರ ಸಾಲಿನಲ್ಲಿದ್ದ.

ವಯಸ್ಸಾಗಿ ಆರೋಗ್ಯ ಕೈಕೊಟ್ಟಾಗ ತನ್ನ ಹೆಸರು ಉಳಿಯಬೇಕೆಂಬ ಆಸೆ ಹತ್ತಿತು. ತನ್ನ ಮತ್ತು ಹೆತ್ತವರ ಬೃಹತ್ ಪ್ರತಿಮೆ ನಿಲ್ಲಿಸುವ ಯೋಚನೆ ಬಂತು. ಆಮೇಲೆ ಸ್ಯಾನ್‌ ಫ್ರಾನ್ಸಿಸ್ಕೊ ನಗರದ ನಡುಮಧ್ಯೆ ಈಜಿಪ್ಟಿನದಕ್ಕಿಂತ ದೊಡ್ಡ ಪಿರಮಿಡ್ ಕಟ್ಟಿಸುವ ಯೋಚನೆ. ಆ ಹುಚ್ಚನ್ನು ಬೇರೆ ಕಡೆ ತಿರುಗಿಸಿದವರಲ್ಲಿ ಪ್ರಮುಖ ಕ್ಯಾಲಿಫೋರ್ನಿಯಾ ವಿಜ್ಞಾನ ಅಕಾಡೆಮಿಯ ಅಧ್ಯಕ್ಷ ಜಾರ್ಜ್ ಡೇವಿಡ್ಸನ್. ಅಲ್ಲಿಯವರೆಗೆ ಮಾಡಿದ ಎಲ್ಲ ಟೆಲಿಸ್ಕೋಪುಗಳಿಗಿಂತ ಶಕ್ತಿಯುತವಾದದ್ದೊಂದನ್ನು ಮಾಡಿಸಲು ಲಿಕ್ 7 ಲಕ್ಷ ಡಾಲರ್ ಬರೆದುಕೊಟ್ಟ. ಅದನ್ನೂ ಪೇಟೆಯ ಬೀದಿಯಲ್ಲೇ ನಿಲ್ಲಿಸಬೇಕೆಂದಿದ್ದ. ಬೆಟ್ಟಕ್ಕೆ ಒಯ್ಯಬೇಕೆಂದು ಒಪ್ಪಿಸಲು ಡೇವಿಡ್ಸನ್ ಸಾಕಷ್ಟು ಹೆಣಗಬೇಕಾಯಿತು.

ದತ್ತಿಪತ್ರದಲ್ಲಿದ್ದ ಇನ್ನೊಂದು ಮಾತು ಎಲ್ಲಕ್ಕಿಂತ ಮುಖ್ಯವಾಗಿತ್ತು. ಕಟ್ಟಿ ಮುಗಿದ ಮೇಲೆ ಇಡೀ ವೀಕ್ಷಣಾಲಯವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕಿತ್ತು. ವಿಶ್ವವಿದ್ಯಾಲಯಕ್ಕೆ ಆಗಿನ್ನೂ ಹತ್ತು ವರ್ಷ ತುಂಬಿರಲಿಲ್ಲ. ಲಿಕ್ 1876ರ ಅಕ್ಟೋಬರ್ 1ರಂದು ತೀರಿಕೊಂಡ. ಮುಂದೆ 1887ರ ಜನವರಿಯಲ್ಲಿ ಅವನ ದೇಹವನ್ನು ಬೆಟ್ಟಕ್ಕೆ ತಂದು ದೊಡ್ಡ ದೂರದರ್ಶಕ ನಿಲ್ಲಬೇಕಿದ್ದ ಕಂಬದ ಬುಡದಲ್ಲಿ ಹೂಳಿದರು. ಪಿರಮಿಡ್ಡಿನ ಆಸೆ ಒಂದು ರೀತಿಯಲ್ಲಿ ತೀರಿತು. ಆದರೆ ಅವನ ಹೆಸರು ಇವತ್ತಿಗೂ ವಿಜ್ಞಾನದ ಲೇಖನಗಳಲ್ಲಿ ಬರುತ್ತಿರುವುದು ಸಮಾಧಿಯಿಂದಾಗಿ ಅಲ್ಲ, ಆ ಒಪ್ಪಿಸುವ ಕಲಮಿನಿಂದಾಗಿ.

ಗರಗಸ ಬೇಕಾಯಿತು

ಬೆಟ್ಟ ತಕ್ಕುದೋ ಅಲ್ಲವೋ ಎಂದು ನೋಡಲು ಖಗೋಳಜ್ಞ ಷೆರ್ಬರ್ನ್ ಬರ್ನ್‌ಹ್ಯಾಮ್ 1879ರಲ್ಲಿ ಆರು ಅಂಗುಲದ ಪುಟ್ಟ ದೂರದರ್ಶಕದೊಂದಿಗೆ ಅಲ್ಲಿ ಬಿಡಾರ ಹೂಡಿದ. ಅಷ್ಟು ಸಣ್ಣ ಉಪಕರಣದಲ್ಲೇ, ಅದುವರೆಗೆ ಯಾರೂ ಗುರುತಿಸದಿದ್ದ 42 ಜೋಡಿ ನಕ್ಷತ್ರಗಳು ಅವನಿಗೆ ಸಿಕ್ಕವು. ಗಾಳಿ ಅಲುಗದೆ ನಿಂತಾಗ ಮಾತ್ರ ಹೀಗೆ ಅಂಟಿಕೊಂಡ ಎರಡು ಚುಕ್ಕೆಗಳನ್ನು ಬಿಡಿಸಿ ನೋಡಲಾಗುತ್ತದೆ. ಜಾಗ ಗಟ್ಟಿಯಾಯಿತು. ಬಂಡೆ ಸಿಡಿಸಿ ಬೆಟ್ಟದ ತಲೆಯನ್ನೇ ಚಪ್ಪಟೆ ಮಾಡಿದರು.

ಮಸೂರ 36 ಅಂಗುಲದ್ದು, ಅಂದರೆ 91 ಸೆಂಟಿಮೀಟರ್ ಅಗಲ. ಗಾಜು ಎರಕ ಹೊಯ್ದದ್ದು ಪ್ಯಾರಿಸ್ಸಿನ ಫೈಲ್ ಕಂಪನಿ, ತಿಕ್ಕಿ ಹದ ಮಾಡಿದ್ದು ಮೆಸಾಚುಸೆಟ್ಸ್‌ನ ಆಲ್ವನ್ ಕ್ಲಾರ್ಕ್ ಮತ್ತು ಮಕ್ಕಳು. ಅಷ್ಟು ದೊಡ್ಡ ಗಾಜು ತಣಿಯುವಾಗ ಒಳಗೊಳಗೇ ಸೆಟೆದುಕೊಂಡು ಬಿರಿಯುತ್ತಿತ್ತು. ಎರಡು ಬಿಲ್ಲೆಗಳಲ್ಲಿ ಒಂದು ಸುಲಭಕ್ಕೆ ಒದಗಿತು. ಇನ್ನೊಂದು ಮತ್ತೆ ಮತ್ತೆ ಕೆಟ್ಟು ವರ್ಷಗಳನ್ನೇ ತಿಂದಿತು. ಐವತ್ತೇಳು ಅಡಿ ಉದ್ದದ ಕೊಳವೆ ಆಕಾಶದ ಯಾವ ಕಡೆ ತಿರುಗಿದರೂ ನೋಡುವವನ ಕಣ್ಣು ಅದರ ತುದಿಗೆ ಮುಟ್ಟಬೇಕಲ್ಲ? ಅದಕ್ಕೆ ಗುಮ್ಮಟದೊಳಗಿನ ಇಡೀ ಮರದ ನೆಲವನ್ನೇ ನೀರಿನ ಒತ್ತಡದಿಂದ ಮೇಲೆ ಕೆಳಗೆ ಚಲಿಸುವಂತೆ ಮಾಡಿದರು.

1888ರ ಜನವರಿ 3ರಂದು ಮೊದಲ ನೋಟ. ಬೆಟ್ಟದ ಮೇಲೆ ಹಿಮ ಕಟ್ಟಿ ಗುಮ್ಮಟ ಅಲುಗಲಿಲ್ಲ. ಸೀಳಿನಲ್ಲಿ ಕಂಡಷ್ಟು ಆಕಾಶವನ್ನಾದರೂ ನೋಡೋಣವೆಂದರೆ ಎಷ್ಟು ತಿರುಗಿಸಿದರೂ ನಕ್ಷತ್ರ ಒಂದು ಬಿಂದುವಿಗೆ ಬರಲಿಲ್ಲ. ಲೆಕ್ಕ ತಪ್ಪಿ ಕೊಳವೆ ಉದ್ದವಾಗಿತ್ತು. ಗರಗಸ ತರಿಸಿ ಕೊಳವೆಯ ತುದಿಯನ್ನು ಕತ್ತರಿಸಿದರು. ಆಗ ಜಗತ್ತಿನ ಅತಿದೊಡ್ಡ ಮಸೂರ ದೂರದರ್ಶಕ ಕೆಲಸಕ್ಕೆ ಬಂತು. ಕೆಲವೇ ದಿನಗಳಲ್ಲಿ ಜೇಮ್ಸ್ ಕೀಲರ್ ಎಂಬ ಯುವಕ ಅದರಲ್ಲಿ ಶನಿಯ ಹೊರಬಳೆಯ ಕೂದಲೆಳೆಯಷ್ಟು ಸಣ್ಣ ಸೀಳನ್ನು ಕಂಡ. ಜೂನ್ 1ರಂದು ವೀಕ್ಷಣಾಲಯ ವಿಶ್ವವಿದ್ಯಾಲಯದ ಕೈಗೆ ಬಂತು.

ಶುಕ್ರವಾರದ ಪಾಳಿ

ದೊಡ್ಡ ಉಪಕರಣ ಬಂದ ಕೂಡಲೇ ಜಗಳವೂ ಬಂತು, ರಾತ್ರಿಗಳು ಯಾರಿಗೆ ಎಂದು. ಮೊದಲ ನಿರ್ದೇಶಕ ಎಡ್ವರ್ಡ್ ಹೋಲ್ಡನ್ ಕಟ್ಟುನಿಟ್ಟಿನ ಮನುಷ್ಯ. ಅವನ ಕೈಕೆಳಗಿದ್ದ ಎಡ್ವರ್ಡ್ ಬರ್ನಾರ್ಡ್ ನ್ಯಾಶ್‌ವಿಲ್‌ನ ಕಡುಬಡ ಮನೆಯವನು. ಒಂಬತ್ತರ ವಯಸ್ಸಿಗೇ ಫೋಟೊ ಸ್ಟುಡಿಯೊದಲ್ಲಿ ಕೂಲಿಗೆ ಸೇರಿದವನು. ಧೂಮಕೇತು ಹುಡುಕಿದವರಿಗೆ ಆಗ ಕೊಡುತ್ತಿದ್ದ ನಗದು ಬಹುಮಾನಗಳಿಂದ ಮನೆ ಕಟ್ಟಿಕೊಂಡವನು. ಅಂಥ ಕಣ್ಣಿನವನಿಗೆ 36 ಅಂಗುಲದ ದೂರದರ್ಶಕದಲ್ಲಿ ಪಾಲು ಇರಲಿಲ್ಲ. ದೂರು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯವರೆಗೂ ಹೋಗಿ 1892ರ ಬೇಸಗೆಯಲ್ಲಿ ಅವನಿಗೆ ವಾರಕ್ಕೊಂದು ರಾತ್ರಿ ಸಿಕ್ಕಿತು, ಶುಕ್ರವಾರ.

ಆ ಸೆಪ್ಟೆಂಬರ್ 9 ಶುಕ್ರವಾರ. ಗುರುಗ್ರಹದ ಪ್ರಖರ ಬಿಂಬವನ್ನು ಮರೆಮಾಡಿ ಅದರ ಅಂಚಿನಲ್ಲಿ ಹುಡುಕುತ್ತಿದ್ದ ಬರ್ನಾರ್ಡ್‌ಗೆ ಮಂಕಾದ ಚುಕ್ಕೆಯೊಂದು ಕಂಡಿತು. 1610ರಲ್ಲಿ ಗೆಲಿಲಿಯೊ ನಾಲ್ಕು ಚಂದ್ರರನ್ನು ಕಂಡ ಮೇಲೆ ಗುರುವಿನ ಬಳಿ ಸಿಕ್ಕ ಐದನೆಯದು ಅದು, ಅಮಾಲ್ಥಿಯ. ಫೋಟೊ ಇಲ್ಲದೆ ಬರಿ ಕಣ್ಣನ್ನು ಮಸೂರಕ್ಕಿಟ್ಟು ಕಂಡುಹಿಡಿದ ಗ್ರಹಚಂದ್ರಗಳಲ್ಲಿ ಅದೇ ಕೊನೆಯದು. ಮುಂದಿನವೆಲ್ಲ ಫೋಟೊ ಫಲಕಗಳಲ್ಲಿ, ಆಮೇಲೆ ನೌಕೆಗಳ ಮತ್ತು ದೂರದರ್ಶಕಗಳ ಕ್ಯಾಮೆರಾಗಳಲ್ಲಿ ಸಿಕ್ಕವು.

ಈ ಕತೆಯ ಇನ್ನೊಂದು ಮಗ್ಗುಲು ಕೀಲರ್‌ನದು. 1898ರಲ್ಲಿ ಅವನೇ ನಿರ್ದೇಶಕನಾಗಿ ಬಂದಾಗ ದೊಡ್ಡ ದೂರದರ್ಶಕವನ್ನು ತನಗೆ ಇಟ್ಟುಕೊಳ್ಳಬಹುದಿತ್ತು. ಇಂಗ್ಲೆಂಡಿನ ಎಡ್ವರ್ಡ್ ಕ್ರಾಸ್ಲಿ ದಾನವಾಗಿ ಕಳಿಸಿದ್ದ ಕನ್ನಡಿ ದೂರದರ್ಶಕವೊಂದು ಅಲ್ಲಿ ಮೂಲೆಗುಂಪಾಗಿತ್ತು. ಅಲುಗಾಡುವ, ಹಿಡಿತಕ್ಕೆ ಸಿಗದ ಅದನ್ನು ಮುಟ್ಟಲು ಸಹೋದ್ಯೋಗಿಗಳಿಗೆ ಇಷ್ಟವಿರಲಿಲ್ಲ. ಕೀಲರ್ ಅದನ್ನೇ ಆರಿಸಿಕೊಂಡ. ಒಂದೊಂದಾಗಿ ದೋಷ ತಿದ್ದಿ, ಗಂಟೆಗಟ್ಟಲೆ ಫಲಕ ತೆರೆದಿಟ್ಟು ನೀಹಾರಿಕೆಗಳ ಫೋಟೊ ತೆಗೆಯುತ್ತ ಹೋದಾಗ ಪ್ರತಿ ಫಲಕದ ಹಿನ್ನೆಲೆಯಲ್ಲೂ ಯಾರೂ ಕಾಣದ ಪುಟ್ಟ ಸುರುಳಿಗಳು ಮೂಡಿದವು. ಆ ದೂರದರ್ಶಕಕ್ಕೆ ಎಟಕುವಂಥವು 1,20,000 ಇರಬಹುದೆಂದು ಅಂದಾಜಿಸಿದ. 1900ರಲ್ಲಿ, 42ನೇ ವಯಸ್ಸಿನಲ್ಲಿ ತೀರಿಕೊಂಡ. ಆ ಸುರುಳಿಗಳೆಲ್ಲ ನಮ್ಮದರಂಥದೇ ಬೇರೆ ನಕ್ಷತ್ರಲೋಕಗಳು ಎಂದು 1920ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಹಾರ್ಲೊ ಶೇಪ್ಲಿಯ ಎದುರು ವಾದಿಸಿದ ಹೀಬರ್ ಕರ್ಟಿಸ್, ಆಧಾರ ಕೂಡಿಸಿದ್ದು ಇದೇ ಕ್ರಾಸ್ಲಿ ದೂರದರ್ಶಕದ ಹಿಂದೆ ಕೂತು. ಸೆತ್ ನಿಕೋಲ್ಸನ್ ಎಂಬ ವಿದ್ಯಾರ್ಥಿ 1914ರಲ್ಲಿ, ಗುರುವಿನ ಎಂಟನೇ ಚಂದ್ರನ ಜಾಡು ಹಿಡಿಯುವ ಕೆಲಸದಲ್ಲಿದ್ದಾಗ ಒಂಬತ್ತನೆಯದನ್ನು ಕಂಡದ್ದೂ ಅದರಲ್ಲೇ.

ಹಿರಿಯರು ಬೇಡವೆಂದ ಉಪಕರಣ ಕಿರಿಯರಿಗೆ ಸಿಗುವುದು, ಅದರಲ್ಲಿ ಹೆಣಗಿ ಅವರು ಹೊಸದನ್ನು ಕಾಣುವುದು ಈ ಬೆಟ್ಟದಲ್ಲಿ ಮತ್ತೆ ಮತ್ತೆ ನಡೆದಿದೆ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬರುವ ಸಂಸ್ಥೆಯಲ್ಲಿ ಯಾವ ಉಪಕರಣವೂ ಬಹಳ ಕಾಲ ಬಿದ್ದಿರುವುದಿಲ್ಲ.

ಜೇವೂರಿನ ಎರಡು ಬಿಡಾರ

ಬೆಂಗಳೂರಿನಿಂದ ಮುಂಬೈಗೆ ಕಲಬುರಗಿ, ಸೊಲ್ಲಾಪುರದ ಮೇಲೆ ಹೋಗುವ ರೈಲು ದೌಂಡ್ ಮುಟ್ಟುವ ಮೊದಲು ಜೇವೂರ ಎಂಬ ಸಣ್ಣ ನಿಲ್ದಾಣವನ್ನು ಹಾದುಹೋಗುತ್ತದೆ. 1898ರ ಜನವರಿ 22ರ ಖಗ್ರಾಸ ಸೂರ್ಯಗ್ರಹಣದ ನೆರಳು ಹಾದುಹೋದದ್ದು ಈ ಊರಿನ ಮೇಲೆ. ಲಿಕ್ ವೀಕ್ಷಣಾಲಯದ ವಿಲಿಯಂ ಕ್ಯಾಂಪ್‌ಬೆಲ್, ಪತ್ನಿ ಎಲಿಜಬೆತ್ ಜೊತೆ ಸಮುದ್ರ ದಾಟಿ ಬಂದು ಅಲ್ಲಿ ಡೇರೆ ಹಾಕಿದ್ದ. ಖರ್ಚು ಕ್ಯಾಲಿಫೋರ್ನಿಯಾದ ಕ್ರಾಕರ್ ಮನೆತನದ್ದು. ಜೊತೆಗೆ ತಂದಿದ್ದ ಕ್ಯಾಮೆರಾದ ಉದ್ದ ನಲವತ್ತು ಅಡಿ. ಮುಂಬೈ ಪ್ರಾಂತ್ಯದಲ್ಲಿ ಆಗ ಪ್ಲೇಗಿನ ಹಾವಳಿ. ಪೂರ್ಣಗ್ರಹಣ ಎರಡು ನಿಮಿಷ; ಸೂರ್ಯನ ಸುತ್ತಣ ಪ್ರಭಾವಲಯದ ಚಿತ್ರಗಳು ಚೆನ್ನಾಗಿ ಬಂದವು.

ಅದೇ ಜೇವೂರಿನಲ್ಲಿ ಇನ್ನೊಂದು ಬಿಡಾರವೂ ಇತ್ತು. ಪುಣೆಯ ವಿಜ್ಞಾನ ಕಾಲೇಜಿನ ಪ್ರಾಧ್ಯಾಪಕ ಕಾವಸ್‌ಜೀ ದಾದಾಭಾಯಿ ನೈಗಾಂವಾಲಾ ತಮ್ಮ ತಂಡದೊಂದಿಗೆ ಬಂದಿದ್ದರು. ಭಾವನಗರದ ಮಹಾರಾಜರ ದೇಣಿಗೆಯಿಂದ ಅವರು ಕಾಲೇಜಿನಲ್ಲಿ ಮಹಾರಾಜಾ ತಖ್ತಸಿಂಗ್‌ಜೀ ವೀಕ್ಷಣಾಲಯ ಕಟ್ಟಿದ್ದರು. ಅಲ್ಲಿನ 20 ಅಂಗುಲದ ಕನ್ನಡಿ ದೂರದರ್ಶಕ ಆಗಿನ ಭಾರತದಲ್ಲಿ ಎಲ್ಲಕ್ಕಿಂತ ದೊಡ್ಡದು. ಒಂದೇ ಊರಿನ ಹೊಲದಲ್ಲಿ ನಿಂತ ಈ ಎರಡೂ ತಂಡಗಳು ಬಂದದ್ದು ಕಾಲೇಜು, ವಿಶ್ವವಿದ್ಯಾಲಯದ ವೀಕ್ಷಣಾಲಯಗಳಿಂದ. ಎರಡೂ ಸಿರಿವಂತರ ಕೊಡುಗೆಯಿಂದ ಹುಟ್ಟಿದಂಥವು. ಮುಂದಿನ ದಾರಿ ಮಾತ್ರ ಬೇರೆಯಾಯಿತು. 1912ರಲ್ಲಿ ನೈಗಾಂವಾಲಾ ನಿವೃತ್ತರಾದರು, ಅವರೊಂದಿಗೇ ಪುಣೆಯ ವೀಕ್ಷಣಾಲಯವೂ ಬಾಗಿಲು ಹಾಕಿತು. ಉಪಕರಣಗಳು ಕೊಡೈಕೆನಾಲ್ ಸೇರಿದವು. ಒಬ್ಬರ ಶ್ರದ್ಧೆಯಿಂದ ನಡೆದದ್ದು ಅವರ ಸೇವಾವಧಿಯಷ್ಟೇ ಬಾಳಿತು.

ಕ್ಯಾಂಪ್‌ಬೆಲ್‌ನ ಗ್ರಹಣದ ಬೆನ್ನಟ್ಟುವಿಕೆ ನಿಲ್ಲಲಿಲ್ಲ. ಐನ್‌ಸ್ಟೈನರ ಸಿದ್ಧಾಂತದಂತೆ ಸೂರ್ಯನ ಪಕ್ಕ ಹಾದುಬರುವ ನಕ್ಷತ್ರದ ಬೆಳಕು ಬಾಗುತ್ತದೆಯೇ ನೋಡಲು 1914ರಲ್ಲಿ ರಷ್ಯಾಕ್ಕೆ ಹೋದ. ಮೋಡ ಕವಿಯಿತು, ಮಹಾಯುದ್ಧ ಶುರುವಾಯಿತು, ಉಪಕರಣಗಳು ಅಲ್ಲೇ ಸಿಕ್ಕಿಬಿದ್ದವು. 1918ರಲ್ಲಿ ಎರವಲು ಮಸೂರಗಳಿಂದ ಮಾಡಿದ ಪ್ರಯತ್ನ ಸಮಾಧಾನ ಕೊಡಲಿಲ್ಲ. 1922ರಲ್ಲಿ ಆಸ್ಟ್ರೇಲಿಯಾದ ವಲ್ಲಾಲ್ ಕಡಲತೀರದಲ್ಲಿ ಕೊನೆಗೂ ಆಕಾಶ ತಿಳಿಯಾಗಿತ್ತು. ಅಳತೆ ಐನ್‌ಸ್ಟೈನರ ಲೆಕ್ಕಕ್ಕೆ ಹೊಂದಿತು. 1919ರಲ್ಲಿ ಇದನ್ನೇ ಅಳೆದಿದ್ದ ಎಡಿಂಗ್ಟನ್ ತಂಡದ ಫಲಿತಾಂಶದ ಬಗ್ಗೆ ಇದ್ದ ಅನುಮಾನಗಳನ್ನು ಈ ಅಳತೆ ಬಹುಮಟ್ಟಿಗೆ ತೊಡೆಯಿತು.

ವಿಶ್ವವಿದ್ಯಾಲಯದ ಕೈಸೇರಿ ಬಾಳಿದ ವೀಕ್ಷಣಾಲಯಗಳಲ್ಲಿ ಕನ್ನಡನಾಡಿನ ಉತ್ತರಭಾಗಕ್ಕೆ ಹತ್ತಿರದ ಉದಾಹರಣೆ ಹೈದರಾಬಾದಿನದು. ಕಲಬುರಗಿ, ರಾಯಚೂರು, ಬೀದರ್‌ಗಳು ನಿಜಾಮರ ಆಡಳಿತದಲ್ಲಿದ್ದ ದಿನಗಳಲ್ಲಿ, 1901ರಲ್ಲಿ, ನವಾಬ್ ಝಫರ್ ಜಂಗ್ ಇಂಗ್ಲೆಂಡಿನಿಂದ 15 ಅಂಗುಲದ ದೂರದರ್ಶಕ ತರಿಸಿ ನಿಜಾಮಿಯ ವೀಕ್ಷಣಾಲಯ ಆರಂಭಿಸಿದರು. 1919ರಲ್ಲಿ ಅದು ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿತು. ಇಡೀ ಆಕಾಶವನ್ನು ದೇಶದೇಶಗಳು ಹಂಚಿಕೊಂಡು ಫೋಟೊದಲ್ಲಿ ಪಟ್ಟಿ ಮಾಡುವ ಮಹಾಯೋಜನೆಯಲ್ಲಿ ತನ್ನ ಪಾಲಿನ ಪಟ್ಟಿಯನ್ನು ದಶಕಗಳ ಕಾಲ ಅಳೆದು ಪ್ರಕಟಿಸಿತು. ಅಲ್ಲಿ ಕೆಲಸಕ್ಕಿದ್ದವರೊಬ್ಬರ ಮಗ ಗುಮ್ಮಟದ ಆಸುಪಾಸಿನಲ್ಲೇ ಬೆಳೆದು ಮುಂದೆ ಭಾರತದ ಖಗೋಳ ವಿಜ್ಞಾನದ ದಿಕ್ಕನ್ನೇ ಬದಲಿಸಿದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ವೇಣು ಬಾಪು ಅವರೇ ಆ ಹುಡುಗ. ವಿಶ್ವವಿದ್ಯಾಲಯದ ಗುಮ್ಮಟವೊಂದು ಬೆಳಕಿಗೆ ತಂದ ವಸ್ತುಗಳ ಲೆಕ್ಕದಲ್ಲಿ ಇಂಥ ಮನುಷ್ಯರನ್ನೂ ಸೇರಿಸಬೇಕು.

ಒಂದೇ ಕನ್ನಡಿ, ಹೊಸ ಹೊಸ ಕೆಲಸ

ಲಿಕ್‌ನ ಮಸೂರ ದೂರದರ್ಶಕದ ಅತಿದೊಡ್ಡದೆಂಬ ಪಟ್ಟ 1897ರಲ್ಲೇ ಹೋಯಿತು. ಷಿಕಾಗೊ ವಿಶ್ವವಿದ್ಯಾಲಯದ ಯರ್ಕಿಸ್ ವೀಕ್ಷಣಾಲಯದ 40 ಅಂಗುಲದ್ದು ಅದನ್ನು ಹಿಂದಿಕ್ಕಿತು. ಇಪ್ಪತ್ತನೆಯ ಶತಮಾನ ಕನ್ನಡಿಗಳದಾಗಿತ್ತು. ಲಿಕ್‌ಗೂ ದೊಡ್ಡ ಕನ್ನಡಿ ಬೇಕಿತ್ತು, ಹಣ ಸಾಲದು. ಪಾಲೊಮಾರ್ ಬೆಟ್ಟದ 200 ಅಂಗುಲದ ಕನ್ನಡಿಯನ್ನು ತಿಕ್ಕುವಾಗ ಪರೀಕ್ಷೆಗೆಂದು ಕಾರ್ನಿಂಗ್ ಕಂಪನಿ 120 ಅಂಗುಲದ ಗಾಜಿನ ಬಿಲ್ಲೆಯೊಂದನ್ನು ಎರಕ ಹೊಯ್ದಿತ್ತು. ಅವರಿಗೆ ಬೇಡವಾದ ಆ ಬಿಲ್ಲೆಯನ್ನು 50,000 ಡಾಲರಿಗೆ ಕೊಂಡು, ಬೆಟ್ಟದ ಮೇಲೆಯೇ ತಿಕ್ಕಿ, 1959ರಲ್ಲಿ ಮೂರು ಮೀಟರಿನ ದೂರದರ್ಶಕ ಮಾಡಿದರು. ಆ ಗಳಿಗೆಗೆ ಅದು ಜಗತ್ತಿನ ಎರಡನೇ ದೊಡ್ಡದು. ಯೋಜನೆಯನ್ನು ಮುನ್ನಡೆಸಿದ ನಿರ್ದೇಶಕ ಡೊನಾಲ್ಡ್ ಶೇನ್ ಅವರ ಹೆಸರೇ ಈಗ ಅದಕ್ಕಿದೆ.

ಆ ಒಂದು ಕನ್ನಡಿಯಿಂದ ಆಮೇಲೆ ಮಾಡಿಸಿಕೊಂಡ ಕೆಲಸಗಳನ್ನು ನೋಡಬೇಕು. 1969ರ ಜುಲೈಯಲ್ಲಿ ಅಪೊಲೊ 11ರ ಗಗನಯಾತ್ರಿಗಳು ಚಂದ್ರನ ಮೇಲೆ ಬೆಳಕು ಹಿಮ್ಮರಳಿಸುವ ಫಲಕವಿಟ್ಟು ಬಂದರು. ಆಗಸ್ಟ್ 1ರಂದು, ಶೇನ್ ದೂರದರ್ಶಕದ ಮೂಲಕ ಕಳಿಸಿದ ಲೇಸರ್ ಮಿಡಿತ ಎರಡೂವರೆ ಸೆಕೆಂಡಿನ ಬಳಿಕ ಅದೇ ಕನ್ನಡಿಗೆ ಮರಳಿತು. ಚಂದ್ರನ ಆ ಫಲಕದಿಂದ ಮೊದಲ ಮಾರುತ್ತರ ಹಿಡಿದವರು ಲಿಕ್‌ನವರೇ. 1990ರ ದಶಕದಲ್ಲಿ ಅದೇ ಕನ್ನಡಿಗೆ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಲೇಸರ್ ಜೋಡಿಸಿದರು. ನೆಲದಿಂದ ಸುಮಾರು 90 ಕಿಲೊಮೀಟರ್ ಮೇಲೆ ಉಲ್ಕೆಗಳು ಉಳಿಸಿಹೋದ ಸೋಡಿಯಂ ಪರಮಾಣುಗಳ ತೆಳು ಪದರವಿದೆ. ಲೇಸರ್ ಅಲ್ಲಿಗೆ ತಾಗಿದಾಗ ಹಳದಿ ಚುಕ್ಕೆಯೊಂದು ಮಿನುಗುತ್ತದೆ, ಕೃತಕ ನಕ್ಷತ್ರ. ಗಾಳಿಯ ಕದಲಾಟದಿಂದ ಅದು ಹೇಗೆ ನಡುಗುತ್ತದೆಂದು ಕ್ಷಣಕ್ಷಣಕ್ಕೂ ಅಳೆದು, ಪುಟ್ಟ ಕನ್ನಡಿಯೊಂದನ್ನು ಅದಕ್ಕೆ ವಿರುದ್ಧವಾಗಿ ಬಾಗಿಸಿದರೆ ನಿಜ ನಕ್ಷತ್ರದ ಚಿತ್ರ ನಿಶ್ಚಲವಾಗುತ್ತದೆ. ಕ್ಲೇರ್ ಮ್ಯಾಕ್ಸ್ ಮತ್ತು ಸಂಗಡಿಗರು ಇಲ್ಲಿ ಪಳಗಿಸಿದ ಈ ತಂತ್ರವೇ ಮುಂದೆ ಹವಾಯಿಯ ಕೆಕ್ ದೂರದರ್ಶಕಕ್ಕೂ ಹೋಯಿತು. ಹತ್ತು ಮೀಟರಿನ ಕೆಕ್ ಕೂಡ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲುದಾರಿಕೆಯದೇ. ಅಲ್ಲಿನ ರಾತ್ರಿ ಬಲು ದುಬಾರಿ. ಹೊಸ ಉಪಕರಣ ಕೆಟ್ಟರೆ ಬಿಚ್ಚಿ ಜೋಡಿಸಲು ವ್ಯವಧಾನವಿಲ್ಲ. ಬಿಚ್ಚುವ, ಕೆಡಿಸುವ, ಸರಿಪಡಿಸುವ ರಾತ್ರಿಗಳು ಲಿಕ್‌ನಲ್ಲಿ ಕಳೆಯುತ್ತವೆ.

ಎಂಟು ವರ್ಷದ ಬರಿಗೈ

ರೈಲು ನಮ್ಮತ್ತ ಬರುವಾಗ ಕೂಗು ಕೀಚಲಾಗಿ, ದಾಟಿ ಹೋದಮೇಲೆ ಗಡಸಾಗಿ ಕೇಳುವಂತೆ, ನಕ್ಷತ್ರ ಹತ್ತಿರ ಬಂದರೆ ಅದರ ಬೆಳಕಿನ ರೋಹಿತದ ಗೆರೆಗಳು ನೀಲಿಯತ್ತ, ದೂರ ಸರಿದರೆ ಕೆಂಪಿನತ್ತ ಜರುಗುತ್ತವೆ. ಜರುಗಿದ್ದೆಷ್ಟು ಎಂದು ಅಳೆದರೆ ವೇಗ ಸಿಗುತ್ತದೆ. ಕ್ಯಾಂಪ್‌ಬೆಲ್ 1890ರ ದಶಕದಲ್ಲೇ 36 ಅಂಗುಲದ ದೂರದರ್ಶಕಕ್ಕೆ ರೋಹಿತದರ್ಶಕ ಕಟ್ಟಿ ಈ ಕೆಲಸ ಶುರುಮಾಡಿದ್ದ. ಆಗ ಅಳೆಯುತ್ತಿದ್ದದ್ದು ಸೆಕೆಂಡಿಗೆ ಇಷ್ಟು ಕಿಲೊಮೀಟರ್ ಎಂದು.

ನಕ್ಷತ್ರದ ಸುತ್ತ ಗ್ರಹವಿದ್ದರೆ ಅದು ನಕ್ಷತ್ರವನ್ನೂ ಒಂದಿಷ್ಟು ಜಗ್ಗುತ್ತದೆ. ನಮ್ಮ ಗುರುಗ್ರಹ ಸೂರ್ಯನನ್ನು ಜಗ್ಗುವುದು ಸೆಕೆಂಡಿಗೆ ಸುಮಾರು 12 ಮೀಟರ್ ವೇಗದಲ್ಲಿ. ಅಷ್ಟು ಸೂಕ್ಷ್ಮ ಅಳತೆ ಸಾಧ್ಯವೇ? 1987ರಲ್ಲಿ ಜೆಫ್ ಮಾರ್ಸಿ ಮತ್ತು ಪಾಲ್ ಬಟ್ಲರ್ ಅದಕ್ಕೆ ಕೈಹಾಕಿದಾಗ ಮಾರ್ಸಿ ನೆರೆಯ ಸ್ಯಾನ್‌ ಫ್ರಾನ್ಸಿಸ್ಕೊ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಾಪಕ, ಬಟ್ಲರ್ ಅವನ ವಿದ್ಯಾರ್ಥಿ. ಸ್ಟೀವ್ ವೋಗ್ಟ್ ಕಟ್ಟಿದ ಹ್ಯಾಮಿಲ್ಟನ್ ರೋಹಿತದರ್ಶಕ ಶೇನ್ ದೂರದರ್ಶಕಕ್ಕೆ ಆಗಷ್ಟೇ ಬಂದಿತ್ತು. ನಕ್ಷತ್ರದ ಬೆಳಕನ್ನು ಅಯೋಡಿನ್ ಆವಿ ತುಂಬಿದ ಗಾಜಿನ ನಳಿಕೆಯ ಮೂಲಕ ಹಾಯಿಸಿದರು. ಅಯೋಡಿನ್ನಿನ ಸಾವಿರಾರು ಸಣ್ಣ ಗೆರೆಗಳು ನಕ್ಷತ್ರದ ರೋಹಿತದ ಮೇಲೆಯೇ ಅಚ್ಚಾಗಿ ಅಳತೆಪಟ್ಟಿಯ ಕೆಲಸ ಮಾಡಿದವು. ಉಪಕರಣ ಬಿಸಿಗೆ ಹಿಗ್ಗಲಿ, ಚಳಿಗೆ ಕುಗ್ಗಲಿ, ಪಟ್ಟಿಯೂ ಜೊತೆಗೇ ಹಿಗ್ಗಿ ಕುಗ್ಗುವುದರಿಂದ ಅಳತೆ ಕೆಡದು.

ಎಂಟು ವರ್ಷ ಅವರ ಕೈಗೆ ಯಾವ ಗ್ರಹವೂ ಸಿಗಲಿಲ್ಲ. 1995ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೊ, 51 ಪೆಗಾಸಿ ನಕ್ಷತ್ರವನ್ನು ನಾಲ್ಕೂಕಾಲು ದಿನಕ್ಕೊಮ್ಮೆ ಸುತ್ತುವ ದೈತ್ಯ ಗ್ರಹ ಸಿಕ್ಕಿದೆಯೆಂದು ಸಾರಿದರು. ಮಾರ್ಸಿ ಮತ್ತು ಬಟ್ಲರ್‌ಗೆ ಅದೇ ತಿಂಗಳು ಲಿಕ್‌ನಲ್ಲಿ ರಾತ್ರಿಗಳಿದ್ದವು. ನೋಡಿದರು, ಸುದ್ದಿ ನಿಜವಾಗಿತ್ತು. ಗ್ರಹ ಅಷ್ಟು ಬೇಗ ಸುತ್ತೀತೆಂದು ಯಾರೂ ಎಣಿಸಿರಲಿಲ್ಲವಾದ್ದರಿಂದ ತಮ್ಮ ಬಳಿ ಕೂಡಿದ್ದ ಹಳೆಯ ಅಳತೆಗಳನ್ನು ಅವರು ಆ ಕಣ್ಣಿನಿಂದ ಜಾಲಾಡಿರಲಿಲ್ಲ. ಈಗ ಜಾಲಾಡಿದಾಗ ಮೂರೇ ತಿಂಗಳಲ್ಲಿ 70 ವರ್ಜಿನಿಸ್, 47 ಅರ್ಸಾ ಮೇಜರಿಸ್ ನಕ್ಷತ್ರಗಳ ಗ್ರಹಗಳು ಹೊರಬಿದ್ದವು. ಆ ಎಂಟು ವರ್ಷ ಖಾಲಿ ಹೋಗಿರಲಿಲ್ಲ. ಆದರೆ ಅದು ತಿಳಿಯಲು ಎಂಟು ವರ್ಷ ಯಾರಾದರೂ ಅವರಿಗೆ ರಾತ್ರಿಗಳನ್ನು ಕೊಡುತ್ತಲೇ ಇರಬೇಕಿತ್ತು. ಫಲ ಖಾತ್ರಿಯಿಲ್ಲದ ಅರ್ಜಿಗೆ ಅಷ್ಟು ವರ್ಷ ಮಣೆ ಹಾಕುವ ದೊಡ್ಡ ವೀಕ್ಷಣಾಲಯ ಸಿಗುವುದು ಕಷ್ಟ.

ಈಗ ಅದೇ ಬೆಟ್ಟದಲ್ಲಿ 2.4 ಮೀಟರಿನ ಸ್ವಯಂಚಾಲಿತ ದೂರದರ್ಶಕವೊಂದು ಮನುಷ್ಯರ ಹಂಗಿಲ್ಲದೆ ಗ್ರಹ ಹುಡುಕುತ್ತದೆ. 76 ಸೆಂಟಿಮೀಟರಿನ ಇನ್ನೊಂದು ಗ್ಯಾಲಕ್ಸಿಗಳ ಫೋಟೊ ತೆಗೆದು ಸೂಪರ್‌ನೋವಾಗಳನ್ನು ಹುಡುಕುತ್ತ ಬಂದಿದೆ. ಯಂತ್ರ ಅನುಮಾನಿಸಿದ ಚುಕ್ಕೆ ನಿಜವೋ ಸುಳ್ಳೋ ಎಂದು ನೋಡಿ ಹೇಳುವ ಕೆಲಸ ಬರ್ಕ್ಲಿಯ ಪದವಿ ವಿದ್ಯಾರ್ಥಿಗಳದು. ನೂರಾರು ನಕ್ಷತ್ರಸ್ಫೋಟಗಳು ಮೊದಲು ಅವರ ಕಣ್ಣಿಗೆ ಬಿದ್ದಿವೆ.

ಹಳದಿ ದೀಪಗಳ ಒಪ್ಪಂದ

ಲಿಕ್ ಕಟ್ಟಿದಾಗ ಕೆಳಗಿನ ಕಣಿವೆಯಲ್ಲಿ ಹಣ್ಣಿನ ತೋಟಗಳಿದ್ದವು. ಈಗ ಅಲ್ಲಿರುವುದು ಸಿಲಿಕಾನ್ ವ್ಯಾಲಿ. ಆಕಾಶಕ್ಕೆ ಚೆಲ್ಲುವ ಬೆಳಕಿಗೆ ಬೆಟ್ಟದ ಮೇಲಿನವರು ಕಂಡುಕೊಂಡ ಪರಿಹಾರ ಸರಳವಾಗಿತ್ತು. ಕಡಿಮೆ ಒತ್ತಡದ ಸೋಡಿಯಂ ದೀಪ ಬೆಳಗುವುದು ಹೆಚ್ಚುಕಡಿಮೆ ಒಂದೇ ಬಣ್ಣದಲ್ಲಿ. ಆ ಒಂದು ಹಳದಿಯನ್ನು ರೋಹಿತದಿಂದ ಕಳೆದರೆ ಉಳಿದ ಆಕಾಶ ಕತ್ತಲಾಗಿಯೇ ಸಿಗುತ್ತದೆ. ಸ್ಯಾನ್ ಹೋಸೆ ನಗರಾಡಳಿತ ಈ ಮಾತಿಗೆ ಒಪ್ಪಿ ಬೀದಿದೀಪಗಳನ್ನು ಬದಲಿಸಿತು. ಈ ಉಪಕಾರಕ್ಕೆ 6216 ಸಂಖ್ಯೆಯ ಕ್ಷುದ್ರಗ್ರಹಕ್ಕೆ ಆ ಊರಿನ ಹೆಸರಿಟ್ಟರು. ಈಚೆಗೆ ಎಲ್‌ಇಡಿಗಳು ಬಂದಿವೆ. ಅವುಗಳ ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇರುವುದರಿಂದ ಕಳೆಯುವ ಉಪಾಯ ನಡೆಯದು. ಹಾಗಾಗಿ ಲಿಕ್‌ನ ಖಗೋಳಜ್ಞರು ಹೊಳಪಿನ ನಕ್ಷತ್ರಗಳ ರೋಹಿತದಂತೆ ಊರ ಬೆಳಕು ಅಷ್ಟಾಗಿ ಕಾಡದ ಕೆಲಸಗಳತ್ತ ಹೆಚ್ಚು ವಾಲಿದ್ದಾರೆ.

ಬೆಳಕಿಗಿಂತ ದೊಡ್ಡ ಗಂಡಾಂತರ ಒಳಗಿನಿಂದಲೇ ಬಂತು. 2013ರಲ್ಲಿ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ, 2018ರ ಹೊತ್ತಿಗೆ ಲಿಕ್‌ಗೆ ಕೊಡುವ ಹಣವನ್ನು ಪೂರ್ತಿ ನಿಲ್ಲಿಸುವುದಾಗಿ ಹೇಳಿತು. ಕೆಕ್ ಇದೆ, ಮುಂದೆ ಮೂವತ್ತು ಮೀಟರಿನದು ಬರಲಿದೆ, ಹಳೆಯ ಬೆಟ್ಟವೇಕೆ ಎಂಬುದು ತರ್ಕ. ಖಗೋಳಜ್ಞರು, ವಿದ್ಯಾರ್ಥಿಗಳು, ಊರಿನವರು ಒಟ್ಟಾಗಿ ಎದ್ದರು. 2014ರ ಕೊನೆಗೆ ಆ ತೀರ್ಮಾನ ಹಿಂದೆ ಸರಿಯಿತು. ಮರುವರ್ಷ ಗೂಗಲ್ 10 ಲಕ್ಷ ಡಾಲರ್ ಕೊಟ್ಟಿತು. ಇದಕ್ಕೂ ಮೊದಲೇ, 2010ರಲ್ಲಿ, ಕೀಲರ್ ಮೇಲೆತ್ತಿದ್ದ ಕ್ರಾಸ್ಲಿ ದೂರದರ್ಶಕ ಹಣದ ಅಡಚಣೆಯಿಂದ ಕೆಲಸ ನಿಲ್ಲಿಸಿತ್ತು. 2020ರ ಆಗಸ್ಟಿನಲ್ಲಿ ಸಿಡಿಲಿನಿಂದ ಹತ್ತಿದ ಕಾಳ್ಗಿಚ್ಚು ಬೆಟ್ಟದ ತುದಿಯವರೆಗೂ ಬಂತು. ಹಳೆಯ ವಸತಿಗೃಹವೊಂದು ಸುಟ್ಟುಹೋಯಿತು. ಅಗ್ನಿಶಾಮಕ ದಳದವರು ಗುಮ್ಮಟಗಳನ್ನು ಉಳಿಸಿದರು.

ಹೊಸಕೋಟೆಯ ನಂಟು

ಕೆಕ್‌ನ ಕನ್ನಡಿ ಒಂದೇ ಗಾಜಿನದಲ್ಲ. 36 ಷಟ್ಕೋನ ತುಂಡುಗಳನ್ನು ಪಕ್ಕಪಕ್ಕ ಜೋಡಿಸಿದ್ದು. ಆ ಯೋಚನೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೆರ್ರಿ ನೆಲ್ಸನ್ ಅವರದು. ಅದೇ ಮಾದರಿಯಲ್ಲಿ 492 ತುಂಡುಗಳ ಮೂವತ್ತು ಮೀಟರಿನ ದೂರದರ್ಶಕದ ಯೋಜನೆಯಲ್ಲಿ ಆ ವಿಶ್ವವಿದ್ಯಾಲಯದೊಂದಿಗೆ ಭಾರತವೂ ಪಾಲುದಾರ. ಭಾರತದ ಪಾಲಿನ ಕೆಲಸದ ಕೇಂದ್ರ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ತುಂಡುಗಳನ್ನು ತಿಕ್ಕಿ ಹೊಳಪು ಕೊಡಲು ಹೊಸಕೋಟೆಯ ಅದರ ಆವರಣದಲ್ಲೇ ಕಾರ್ಯಾಗಾರ ಕಟ್ಟಲಾಗಿದೆ. ಜಾಗ ಮತ್ತು ಹಣದ ತಕರಾರು ಬಗೆಹರಿಯದೆ ದೂರದರ್ಶಕವೇನೋ ಇನ್ನೂ ಎದ್ದು ನಿಂತಿಲ್ಲ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಹಿಮಾಲಯ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದೂ ಅದೇ ಹೊಸಕೋಟೆಯಿಂದ. ಲಿಕ್‌ನಲ್ಲೂ ಈಗ ಬಹಳಷ್ಟು ವೀಕ್ಷಕರು ಬೆಟ್ಟ ಹತ್ತದೆ ತಮ್ಮ ಕ್ಯಾಂಪಸ್ಸಿನ ಕೋಣೆಯಿಂದಲೇ ಶೇನ್ ದೂರದರ್ಶಕವನ್ನು ತಿರುಗಿಸುತ್ತಾರೆ.

ಆ ಮೂವತ್ತು ಮೀಟರಿನ ದೂರದರ್ಶಕ ಎದ್ದ ದಿನ ಭಾರತಕ್ಕೂ ಅದರ ಪಾಲಿನ ರಾತ್ರಿಗಳು ಸಿಗುತ್ತವೆ. ಅವುಗಳನ್ನು ಹಂಚುವ ಸಮಿತಿ, ಅರ್ಜಿ ಹಾಕಿದವರು ಹಿಂದೆ ಏನು ನೋಡಿದ್ದಾರೆ, ಯಾವ ಉಪಕರಣ ಬಳಸಿದ್ದಾರೆ, ಫಲ ಬರುವ ಭರವಸೆಯೆಷ್ಟು ಎಂದು ಕೇಳುತ್ತದೆ, ಕೇಳಬೇಕಾದ್ದೂ ಹೌದು. ಅಂಥ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಎಲ್ಲೋ ಮೊದಲು ಸಣ್ಣ ಗುಮ್ಮಟದಲ್ಲಿ ತಪ್ಪು ನಕ್ಷತ್ರಕ್ಕೆ ಗುರಿಯಿಟ್ಟು, ಮೋಡಕ್ಕೆ ಕಾದು, ರೋಹಿತದ ಗೆರೆಯನ್ನು ತಪ್ಪಾಗಿ ಓದಿ, ಮರುದಿನ ತಿದ್ದಿಕೊಂಡಿರಬೇಕು. ಪುಣೆಯಲ್ಲಿ ಗುಮ್ಮಟವಿತ್ತು, ಸರದಿಯಲ್ಲಿ ಮುಂದಿನವರು ಇರಲಿಲ್ಲ. ಮೌಂಟ್ ಹ್ಯಾಮಿಲ್ಟನ್ನಿನಲ್ಲಿ ಸರದಿ ಮುರಿಯದ ಕಾರಣ ಬೇಡವಾದ ಗಾಜಿನಿಂದಲೂ ಹೊಸ ಗ್ರಹಗಳು ಸಿಕ್ಕವು. ನಮ್ಮಲ್ಲಿ ಯಾವುದೇ ವಿಶ್ವವಿದ್ಯಾಲಯ ದೂರದರ್ಶಕ ಕೊಳ್ಳಲು ಹೊರಟರೆ ಕನ್ನಡಿಯ ಅಗಲ, ಕಟ್ಟಡದ ಅಂದಾಜುವೆಚ್ಚ ಕೇಳುವುದರ ಜೊತೆಗೆ ಇನ್ನೊಂದನ್ನೂ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು: ವರ್ಷಕ್ಕೆ ಎಷ್ಟು ರಾತ್ರಿ ವಿದ್ಯಾರ್ಥಿಗಳ ಪಾಲಿಗೆ?